ಖುಷ್ಕಿ ಜಮೀನಿನ ಮೇಲ್ಮಣ್ಣೂ ಭೂಮಾಲೀಕರ ಲೆಕ್ಕವೂ

ಮುಂಗಾರಿನ ರಭಸದ ಮಳೆಯಲ್ಲಿ ಹಳ್ಳದ ನೀರು ಕೆಂಪಗೆ ಹರಿಯುವುದನ್ನು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಸೀಮೆಯಲ್ಲಿ ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಆ ಕೆಂಪು ಹೊಲದ ಮೇಲ್ಮಣ್ಣಿನದು. ಎತ್ತು ಸತ್ತರೆ, ಬಣವೆ ಸುಟ್ಟರೆ ಆದ ನಷ್ಟವನ್ನು ಭೂಮಾಲೀಕನು ಆ ದಿನವೇ ಹೇಳಬಲ್ಲನು. ಮಣ್ಣು ಹೋದದ್ದಕ್ಕೆ ಮಾತ್ರ ಅವನ ಜಮಾಖರ್ಚಿನಲ್ಲಿ ಜಾಗವಿಲ್ಲ.

ಒಂದು ಎಕರೆಯ ಮೇಲೆ ಒಂದು ಅಂಗುಲ ದಪ್ಪದ ಮಣ್ಣು ಸುಮಾರು 140 ಟನ್ನು ತೂಗುವುದು. ಭಾರತದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್ನಿಗೆ ಮೇಲ್ಪಟ್ಟು, ಅಂದರೆ ಎಕರೆಗೆ ಸುಮಾರು ಆರೂವರೆ ಟನ್ನು, ಮಣ್ಣು ಕೊಚ್ಚಿಹೋಗುವುದೆಂದು 1983ರಲ್ಲಿ ಪ್ರಕಟವಾದ ಒಂದು ಅಂದಾಜು. ಈ ಲೆಕ್ಕದಂತೆ ಒಂದು ಅಂಗುಲ ಮಣ್ಣು ತೊಲಗಲು 21 ಅಥವಾ 22 ವರ್ಷ ಸಾಕು; ಅಷ್ಟು ಮಣ್ಣು ಹುಟ್ಟಲು ಶತಮಾನಗಳು ಬೇಕು. ಅದರಲ್ಲಿ ಸಾರಜನಕವು ಸಾವಿರಕ್ಕೆ ಅರ್ಧ ಭಾಗ ಮಾತ್ರವಿದ್ದರೂ 70 ಕಿಲೋ ಆಯಿತು. ಇದು 45 ಕಿಲೋ ತೂಕದ ಮೂರು ಚೀಲ ಯೂರಿಯಾಕ್ಕೂ ಮಿಕ್ಕಿದ್ದು.

ಆದರೂ ಗೊಬ್ಬರದ ನಷ್ಟವು ದೊಡ್ಡದಲ್ಲ. ಗೊಬ್ಬರವನ್ನು ಅಂಗಡಿಯಿಂದ ತರಬಹುದು. ತೇವವನ್ನು ಹಿಡಿಯತಕ್ಕ ಆಳವನ್ನು ತರಲಾಗದು. ಆಶ್ಲೇಷ, ಮಘೆ ಮಳೆಗಳು ತಡೆದಾಗ ಆಳದ ಮಣ್ಣಿನ ಮೆಕ್ಕೆಜೋಳವು ಕೆಲವು ದಿನ ಹೆಚ್ಚು ತಾಳಿ ತೆನೆ ಕಟ್ಟುವುದು, ತೆಳುಮಣ್ಣಿನದು ಸುರುಟಿಕೊಳ್ಳುವುದು. ಬಿತ್ತನೆ, ಗೊಬ್ಬರ, ಕೂಲಿಗಳ ಖರ್ಚು ಮಾತ್ರ ಎರಡಕ್ಕೂ ಒಂದೇ.

ಹೋದ ಮಣ್ಣಿನಲ್ಲಿ ಒಂದು ಪಾಲು ಕೆರೆಗೆ ಸೇರುತ್ತದೆ. ಕೆರೆಯು ಬೇಗ ಕೋಡಿ ಬಿದ್ದಿತೆಂದು ಊರವರು ಸಂತೋಷಪಟ್ಟು ಬಾಗಿನ ಅರ್ಪಿಸುವುದುಂಟು. ಹೂಳು ತುಂಬಿದ ಕೆರೆಯು ಬೇಗ ಕೋಡಿ ಬೀಳುವುದು ಸಹಜವೇ ಸರಿ. ಬೇಸಗೆಯಲ್ಲಿ ಅಡಿಕೆ ತೋಟದವರು ಅದೇ ಕೆರೆಗೋಡನ್ನು ಟ್ರ್ಯಾಕ್ಟರುಗಳಲ್ಲಿ ಹೊಡೆಸುವರು. ಒಂದು ಗಾಡಿಗೆ ಮೂರು ಟನ್ನಿನಂತೆ ಹಿಡಿದರೆ, ಎಕರೆಗೆ ಒಂದು ಅಂಗುಲವನ್ನು ತುಂಬಲು 47 ಗಾಡಿ ಬೇಕು. ಪುಕ್ಕಟೆಯಾಗಿ ಇಳಿದುಹೋದ ಮಣ್ಣನ್ನು ಬಾಡಿಗೆ ಕೊಟ್ಟು ಮೇಲಕ್ಕೆ ತರಿಸಿದಂತಾಯಿತು.

ಬದುಗಳಿಲ್ಲವೆಂದಲ್ಲ, ಅವು ಇರುವ ಸ್ಥಳವೇ ಸರಿಯಲ್ಲ. ಸಾಮಾನ್ಯವಾಗಿ ಬದುವನ್ನು ಸರ್ವೆ ನಂಬರಿನ ಗಡಿಯ ಮೇಲೆ ಹಾಕುತ್ತಾರೆ. ನೀರು ಗಡಿಯನ್ನು ನೋಡದೆ ಇಳಿಜಾರನ್ನೇ ಹಿಡಿದು ಹರಿದು, ಕೆಳಮೂಲೆಯಲ್ಲಿ ಕೂಡಿ, ಅಲ್ಲಿ ಬದುವನ್ನು ಒಡೆದು ಕೊರಕಲನ್ನು ಮಾಡುತ್ತದೆ. ಅಣ್ಣತಮ್ಮಂದಿರು ಭಾಗವಾಗುವಾಗ ಎಲ್ಲರಿಗೂ ಮೇಲಿನ ಜಮೀನೂ ಕೆಳಗಿನ ಜಮೀನೂ ಬರಲೆಂದು ಹೊಲವನ್ನು ಇಳಿಜಾರಿನುದ್ದಕ್ಕೆ ಪಟ್ಟೆಪಟ್ಟೆಯಾಗಿ ಸೀಳುವ ವಾಡಿಕೆಯು ಇನ್ನೂ ಕೆಡುಕನ್ನುಂಟುಮಾಡಿದೆ. ಅಂಥ ಪಟ್ಟೆಯಲ್ಲಿ ನೇಗಿಲು ಮೇಲಿನಿಂದ ಕೆಳಕ್ಕೇ ಹೋಗಬೇಕು. ಪ್ರತಿಯೊಂದು ಸಾಲೂ ಒಂದು ಕಾಲುವೆಯಾಗುವುದು. ಪಂಚಾಯಿತಿಯಲ್ಲಿ ಕುಳಿತು ಪಾಲು ಮಾಡಿಸುವ ಯಜಮಾನರು ಇದನ್ನು ಗಮನಿಸತಕ್ಕದ್ದು. ಒಡೆತನವು ಬೇರೆಯಾದರೂ ಉಳುಮೆ, ಬಿತ್ತನೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಕೂಡಿ ನಡೆಸುವೆವೆಂದು ಪಾಲುದಾರರಿಂದ ಒಪ್ಪಿಗೆ ಪಡೆದರೆ ಕಾಸಿನ ಖರ್ಚಿಲ್ಲ. ಕೆಂಪುಮಣ್ಣಿನಲ್ಲಿ ಸಮಪಾತಳಿಯ ಬದುಗಳು ಯುಕ್ತ. ಎರೆಯಲ್ಲಿ ನೀರು ನಿಂತು ಪೈರು ಹಳದಿಯಾಗುವುದರಿಂದ, ಅಲ್ಲಿ ಬದುವಿಗೆ ಸ್ವಲ್ಪ ಓಟವನ್ನು ಕೊಟ್ಟು ಹುಲ್ಲು ಬೆಳೆದ ಕಾಲುವೆಗೆ ನೀರನ್ನು ಬಿಡಬೇಕು.

ಸರ್ಕಾರದ ಪ್ರಯತ್ನವು ಇಂದಿನದಲ್ಲ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. 1961ರ ಜಮೀನು ಅಭಿವೃದ್ಧಿ ಕಾನೂನು (ಇದನ್ನು ಅದೇ ವರ್ಷದ ಭೂಸುಧಾರಣೆಯ ಕಾನೂನಿನೊಡನೆ ಬೆರೆಸಬಾರದು) ಮಣ್ಣಿನ ಕೊಚ್ಚಣೆಯನ್ನು ತಡೆಯಲು ಯೋಜನೆಗಳನ್ನು ಮಾಡಲು ಅವಕಾಶ ಕೊಟ್ಟಿತು. 2001ರಿಂದ 2009ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಸೇರಿತ್ತು. 2020ರಲ್ಲಿ ಉದ್ಯೋಗ ಖಾತರಿಯ ಹಣದಿಂದ ರಾಜ್ಯದಲ್ಲಿ ಬದು ನಿರ್ಮಾಣದ ಅಭಿಯಾನವು ನಡೆಯಿತು. ಇವುಗಳ ಕೊರತೆಯು ಹಣದಲ್ಲಿಲ್ಲ. ಕೆಲಸ ಮುಗಿದ ಮೇಲಿನ ಆರೈಕೆಯಲ್ಲಿದೆ. ಸರ್ಕಾರವು ಹಾಕಿಸಿದ ಬದುವನ್ನು ಸರ್ಕಾರದ್ದೆಂದೇ ತಿಳಿದು, ವರ್ಷಕ್ಕೆ ಒಂದು ಗೇಣಿನಂತೆ ಉತ್ತು ಹೊಲಕ್ಕೆ ಸೇರಿಸಿಕೊಳ್ಳುವವರಿದ್ದಾರೆ.

ಬದುವಿನ ಮೇಲೆ ಹುಲ್ಲಿದ್ದರೆ ಹೀಗೆ ಉಳುವುದು ಕಷ್ಟ. ಗುಂಡ್ಲುಪೇಟೆಯ ಕಡೆಯ ರೈತರು ಯಾವ ಯೋಜನೆಯನ್ನೂ ಕಾಯದೆ ಬಹುಕಾಲದಿಂದ ಹೊಲದ ಅಂಚಿಗೆ ಲಾವಂಚವನ್ನು ನೆಡುತ್ತ ಬಂದರು. ಅದರ ಬೇರು ಪಕ್ಕಕ್ಕೆ ಹರಡದೆ ಆಳಕ್ಕೆ ಇಳಿಯುವುದು, ಬಲಿತ ಹುಲ್ಲನ್ನು ದನವು ಅಷ್ಟಾಗಿ ಮುಟ್ಟದು. ಮಳೆ ಹಿಡಿದ ಮೇಲೆ ಬುಡದ ಸಿಳುಕುಗಳನ್ನು ಒತ್ತಾಗಿ ನೆಡಬೇಕು; ಎಡೆ ಬಿದ್ದಲ್ಲಿ ಎರಡನೆಯ ಮಳೆಗಾಲದಲ್ಲಿ ತುಂಬಬೇಕು.