ಬೇಂದ್ರೆಯವರ ಕಾವ್ಯ: ಆಶಯ ಮತ್ತು ಶೈಲಿಯ ಅಭ್ಯಾಸ

ಆಧುನಿಕ ಕವಿತೆಯನ್ನು ಬೋಧಿಸುವಾಗ ಆಶಯವನ್ನೂ ಶೈಲಿಯನ್ನೂ ಬೇರ್ಪಡಿಸಿ ಟಿಪ್ಪಣಿ ಬರೆಸುವ ರೂಢಿಯುಂಟು. ದ. ರಾ. ಬೇಂದ್ರೆಯವರ ವಿಷಯದಲ್ಲಿ ಈ ಕ್ರಮ ಫಲಿಸದು. ಅವರ ಕಾವ್ಯದಲ್ಲಿ ಅರ್ಥವು ನಾದದೊಡನೆಯೇ ಹುಟ್ಟುತ್ತದೆ. ಸಾಸ್ತೂರ, ಉಮರ್ಗಾ, ನಿಲಂಗಾ, ಉದಗೀರ ಪರಿಸರದ ಕನ್ನಡ ಮಕ್ಕಳಿಗೆ ಇದು ಅನುಕೂಲವೇ ಸರಿ. ಆ ನಾದ ಅವರ ಮನೆಯ ಮಾತಿಗೆ ಸಮೀಪವಾದುದು.

1896ರಲ್ಲಿ ಧಾರವಾಡದಲ್ಲಿ ಜನಿಸಿದ ಬೇಂದ್ರೆಯವರ ಮನೆಮಾತು ಮರಾಠಿ. ‘ಅಂಬಿಕಾತನಯದತ್ತ’ ಎಂಬ ಹೆಸರಿನಲ್ಲಿ ಅವರು ಕನ್ನಡ ಕಾವ್ಯ ರಚಿಸಿದರು, ಮರಾಠಿಯಲ್ಲಿಯೂ ಬರೆದರು. 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ‘ಅರಳು ಮರಳು’ ಕೃತಿಗೆ 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿಯೂ ಸಂದವು. ಎರಡು ಭಾಷೆಗಳ ನಡುವೆ ಬೆಳೆಯುವುದು ಕೊರತೆಯಲ್ಲ ಎಂಬುದಕ್ಕೆ ಗಡಿಭಾಗದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ನಿಸರ್ಗ, ದಾಂಪತ್ಯ, ಸಾಮಾಜಿಕ ಅನ್ಯಾಯ, ಅಧ್ಯಾತ್ಮ ಇವು ಅವರ ಕಾವ್ಯದ ಮುಖ್ಯ ಆಶಯಗಳು. ‘ಬೆಳಗು’ ಕವಿತೆಯಲ್ಲಿ ಸೂರ್ಯೋದಯದ ನೋಟ ಕ್ರಮೇಣ ಮನಸ್ಸಿನ ಶಾಂತಿಯ ಅನುಭವವಾಗುತ್ತದೆ. ‘ಕುರುಡು ಕಾಂಚಾಣ’ದಲ್ಲಿ ಹಣವು ಕುರುಡು ಶಕ್ತಿಯಾಗಿ ಕುಣಿಯುತ್ತ ಶರಣಾದವರನ್ನೂ ಹೊಸಕಿಹಾಕುತ್ತದೆ. ಇಲ್ಲಿಯ ಲಯ ಕುಣಿತದ ಲಯ. ಕೇಳುವವನ ಕಾಲು ತಾಳ ಹಾಕುತ್ತಿರುವಾಗಲೇ ಮನಸ್ಸು ಬೆಚ್ಚುತ್ತದೆ. ಧನದ ಮೋಹವೂ ಹೀಗೆಯೇ ಸೆಳೆದು ತುಳಿಯುತ್ತದೆ. ಆಶಯ ಮತ್ತು ಶೈಲಿ ಒಂದಾಗುವುದೆಂದರೆ ಇದು.

ಜನಪದ ಹಾಡಿನ ಧಾಟಿ, ಪ್ರಾಸ, ಶ್ಲೇಷೆ ಹಾಗೂ ಆಡುಮಾತಿನ ರೂಪಗಳು ಬೇಂದ್ರೆಯವರ ಶೈಲಿಯ ಪ್ರಧಾನ ಲಕ್ಷಣಗಳು. ‘ಬೇಡ’ ಎಂಬುದು ‘ಬ್ಯಾಡ’ ಆಗುವುದು, ‘ಮನೆಯಲ್ಲಿ’ ಎಂಬುದು ‘ಮನ್ಯಾಗ’ ಆಗುವುದು ಉಚ್ಚಾರದೋಷವಲ್ಲ. ಉತ್ತರ ಕರ್ನಾಟಕದ ನುಡಿಯ ನಿಯಮ. ಮಗು ವರ್ಗದಲ್ಲಿ ಇಂಥ ರೂಪವನ್ನು ಬಳಸಿದೊಡನೆ ತಪ್ಪೆಂದು ತಿದ್ದಿದರೆ ಅದು ಮೌನವಾಗುತ್ತದೆ. ಕನ್ನಡ ತನ್ನದಲ್ಲವೆಂದೂ ಭಾವಿಸಬಹುದು. ಲಿಖಿತ ಉತ್ತರಕ್ಕೆ ಗ್ರಾಂಥಿಕ ರೂಪವನ್ನು ಕಲಿಸಬೇಕು. ಆದರೆ ಮನೆಯ ರೂಪವನ್ನು ಹೀನವೆನ್ನಬಾರದು.

ಬೋಧನೆಯ ಕ್ರಮ ಹೀಗಿರಬಹುದು: ಶಿಕ್ಷಕರು ವಿವರಣೆಗೆ ಮುನ್ನ ಕವಿತೆಯನ್ನು ಎರಡು ಬಾರಿ ಗಟ್ಟಿಯಾಗಿ ಓದಬೇಕು. ಮಕ್ಕಳು ಕೈತಟ್ಟಿ ಲಯವನ್ನು ಗುರುತಿಸಲಿ. ಮನೆಯಲ್ಲಿ ಕೇಳಿದ ಪದಗಳನ್ನು ಪಟ್ಟಿ ಮಾಡಲಿ. ಬಳಿಕ ಅರ್ಥದ ಚರ್ಚೆ ನಡೆಯಲಿ. ಕೊನೆಯಲ್ಲಿ ಒಂದೇ ಪ್ರಶ್ನೆ ಸಾಕು: ಈ ಕವಿತೆಯನ್ನು ಗದ್ಯವಾಗಿ ಬರೆದರೆ ಏನು ಕಳೆದುಹೋಗುತ್ತದೆ? ಇದಕ್ಕೆ ಸ್ವಂತ ಮಾತಿನಲ್ಲಿ ಉತ್ತರಿಸಬಲ್ಲ ವಿದ್ಯಾರ್ಥಿ ಆಶಯವನ್ನೂ ಶೈಲಿಯನ್ನೂ ಒಟ್ಟಿಗೆ ಅರಿತಂತೆ.