ರದ್ದಿಯಿಂದ ಬೆಟ್ಟ, ಕಡ್ಡಿಯಿಂದ ಕಾಡು

ಕೊಂಡು ತಂದ ಆಟಿಕೆಯ ಹೊಸತನ ಎರಡು ದಿನದ್ದು. ತಾನೇ ಮಾಡಿದ ವಸ್ತುವಿನ ಮೇಲಿನ ಮಮತೆ ಬಹುಕಾಲದ್ದು. ಕಾಯಕವನ್ನು ಪೂಜೆಯ ಮಟ್ಟಕ್ಕೇರಿಸಿದ ಶರಣರ ಪರಂಪರೆಯಲ್ಲಿ ಬಾಳುತ್ತಿರುವ ನಮ್ಮ ಮನೆತನಗಳಿಗೆ ಈ ಮಾತು ಹೊಸದಲ್ಲ. ಆದರೆ ಮಕ್ಕಳ ಆಟಕ್ಕೂ ಇದನ್ನು ಅನ್ವಯಿಸಬಹುದೆಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ರಜೆಯ ದಿನಗಳಲ್ಲಿ ಮಕ್ಕಳ ಕೈಗೆ ಏನು ಕೊಡುವುದೆಂದು ಚಿಂತಿಸುವ ತಾಯಿತಂದೆಗಳ ಮುಂದೆ ಒಂದು ಆಟವನ್ನು ಇಡಬಯಸುತ್ತೇನೆ.

ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಆಟವಿದು. ಬೆರಳುದ್ದದ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿಯಿಂದ ದೂರವನ್ನು ಅಳೆದು, ದಾಳಗಳನ್ನು ಉರುಳಿಸಿ ನಡೆಸುವರು. ಚದುರಂಗದ ಹಾಸು ಸಮತಟ್ಟಾದದ್ದು, ಇಲ್ಲಿ ಹಾಗಲ್ಲ. ಬೆಟ್ಟ ಏರಿದವನಿಗೆ ದೂರ ಕಾಣುತ್ತದೆ, ಕಾಡು ಹೊಕ್ಕವನು ಮರೆಯಾಗುತ್ತಾನೆ, ಹೊಳೆ ದಾಟುವವನ ನಡೆ ನಿಧಾನವಾಗುತ್ತದೆ. ನೆಲವೇ ಈ ಆಟದ ಜೀವಾಳ. ಆ ನೆಲವನ್ನು ಅಂಗಡಿಯಿಂದ ಕೊಳ್ಳಹೋದರೆ ಬೆಲೆ ಹೆಚ್ಚು. ಕೈಯಿಂದ ಮಾಡಿದರೆ ಖರ್ಚು ಅತ್ಯಲ್ಪ.

ರಾಜನ ಮೇಜಿನಿಂದ ಮಕ್ಕಳ ಕೋಣೆಗೆ

1812ರಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬುವನು ತನ್ನ ದೊರೆಗೆ ಇಂಥದೊಂದು ಯುದ್ಧದಾಟದ ಮೇಜನ್ನು ಒಪ್ಪಿಸಿದನು. ಗಾರೆಯಿಂದ ಅಚ್ಚುಹೊಯ್ದು ಬಣ್ಣ ಬಳಿದ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಿ ಗುಡ್ಡ, ಬಯಲು, ನದಿಗಳನ್ನು ಬದಲಿಸುವ ಏರ್ಪಾಡು ಅದರಲ್ಲಿತ್ತು. ಅವನ ಮಗನು 1824ರಲ್ಲಿ ಆಟದ ನಿಯಮಗಳನ್ನು ಪರಿಷ್ಕರಿಸಿ ಅಚ್ಚುಹಾಕಿಸಿದ ಮೇಲೆ ಅದು ಸೇನಾಧಿಕಾರಿಗಳ ಶಿಕ್ಷಣದ ಸಾಧನವಾಯಿತು.

ಅರಮನೆಯ ಆಟವನ್ನು ಸಾಮಾನ್ಯರ ಮನೆಗೆ ತಂದವರಲ್ಲಿ ಪ್ರಮುಖನು ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್. 1911ರಲ್ಲಿ ‘ಫ್ಲೋರ್ ಗೇಮ್ಸ್’, 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕಗಳನ್ನು ಅವನು ಬರೆದನು. ವಿಶ್ವಕೋಶದ ದಪ್ಪ ಸಂಪುಟಗಳು, ಹಲಗೆಗಳು, ತೋಟದಿಂದ ಮುರಿದು ತಂದ ರೆಂಬೆಗಳು, ರಟ್ಟಿನ ಮನೆಗಳು, ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಹೊಳೆ: ಇಷ್ಟರಿಂದಲೇ ಅವನ ನಾಡು ಸಿದ್ಧವಾಗುತ್ತಿತ್ತು. ಬಡಮನೆಯಲ್ಲಿಯೂ ದೊರೆಯದ ಸಾಮಗ್ರಿ ಇದರಲ್ಲಿ ಹೆಚ್ಚೇನಿಲ್ಲ.

ನಮ್ಮ ನಾಡಿನ ಮಕ್ಕಳಿಗೂ ಈ ಕೈಚಳಕ ಅಪರಿಚಿತವಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಎತ್ತು ಮಾಡುವ ಬೆರಳುಗಳು ನಮ್ಮವೇ. ಮಹಾರಾಷ್ಟ್ರದಲ್ಲಿಯೂ ನಮ್ಮ ಬೆಳಗಾವಿಯ ಕಡೆಯಲ್ಲಿಯೂ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಕಿಲ್ಲೆ ಕಟ್ಟುತ್ತಾರೆ. ಕಲ್ಲು, ಇಟ್ಟಿಗೆಗಳನ್ನು ಪೇರಿಸಿ, ಕೆಸರಿನಲ್ಲಿ ಅದ್ದಿದ ಗೋಣಿತಟ್ಟನ್ನು ಅದರ ಮೇಲೆ ಹೊದಿಸಿ, ಸಾಸಿವೆಯಂಥ ಕಾಳು ಚೆಲ್ಲಿ ಹಸುರು ಚಿಗುರಿಸಿ, ಮಣ್ಣಿನ ಸಿಪಾಯಿಗಳನ್ನು ನಿಲ್ಲಿಸುತ್ತಾರೆ. ಅಂಗಳದ ಆ ವಿದ್ಯೆಯನ್ನು ಮೇಜಿಗೆ ಏರಿಸಿದರೆ ಸಾಕು.

ಮಾಡುವ ಬಗೆ

ಮೊದಲು ಅಳತೆ. ಗೊಂಬೆಯ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರ್ ಇರುತ್ತದೆ. ಅದಕ್ಕೆ ಮನೆಯ ಬಾಗಿಲು ಸುಮಾರು 4 ಸೆಂಟಿಮೀಟರ್ ಇದ್ದರೆ ಒಪ್ಪುತ್ತದೆ. ಒಂದು ಗೊಂಬೆಯನ್ನು ಪಕ್ಕದಲ್ಲಿಟ್ಟುಕೊಂಡೇ ಎಲ್ಲವನ್ನೂ ಅಳೆಯಬೇಕು.

ಬೆಟ್ಟಕ್ಕೆ ಟಿ.ವಿ., ಫ್ರಿಜ್ಜುಗಳ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲ್ ಉತ್ತಮ. ದೊಡ್ಡ ತುಂಡಿನ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು, ಹೀಗೆ ಮೆಟ್ಟಿಲಾಗಿ ಅಂಟಿಸಬೇಕು. ಇಳಿಜಾರಿನಲ್ಲಿ ಗೊಂಬೆ ನಿಲ್ಲದೆ ಜಾರುತ್ತದೆ, ಮೆಟ್ಟಿಲಿನ ಮೇಲೆ ನಿಲ್ಲುತ್ತದೆ. ರದ್ದಿ ಕಾಗದದ ಚೂರುಗಳನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಎರಡು ಪದರ ಹೊದಿಸಿ ಒಣಗಿಸಿದರೆ ಬೆಟ್ಟ ಗಟ್ಟಿಯಾಗುತ್ತದೆ. ಮೈದಾ ಅಂಟನ್ನೂ ಬಳಸಬಹುದು. ಆದರೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಜಿರಲೆಯೂ ಬರುತ್ತದೆ. ತುಂತುರು ಡಬ್ಬಿಯ ಬಣ್ಣವನ್ನು ಥರ್ಮಾಕೋಲಿಗೆ ನೇರವಾಗಿ ಹೊಡೆದರೆ ಅದು ಕರಗಿಹೋಗುವುದರಿಂದ ನೀರಿನ ಬಣ್ಣವನ್ನೇ ಬಳಿಯಬೇಕು.

ಬಣ್ಣದಲ್ಲಿ ಒಂದು ಗುಟ್ಟಿದೆ. ಮೊದಲು ಗಾಢ ಕಂದು ಬಳಿದು ಒಣಗಲು ಬಿಡಬೇಕು. ಆಮೇಲೆ ಕುಂಚಕ್ಕೆ ತಿಳಿಬಣ್ಣ ಹಚ್ಚಿ, ಬಟ್ಟೆಗೆ ಒರೆಸಿ, ಬಹುಪಾಲು ಒಣಗಿದ ಕುಂಚದಿಂದ ಮೇಲುಮೇಲೆ ಸವರಬೇಕು. ಉಬ್ಬಿದ ಭಾಗ ಮಾತ್ರ ಬೆಳಗಿ, ತಗ್ಗಿನಲ್ಲಿ ನೆರಳು ಉಳಿದು, ಕಾಗದವು ಬಂಡೆಯಂತೆ ಕಾಣುತ್ತದೆ.

ಚಹಾ ಸೋಸಿ ಉಳಿದ ಚರಟವನ್ನು ತೊಳೆದು ಒಣಗಿಸಿ ಅಂಟಿನ ಮೇಲೆ ಉದುರಿಸಿದರೆ ಕಾಡಿನ ತರಗೆಲೆ. ಹಸುರು ಬಣ್ಣದಲ್ಲಿ ಅದ್ದಿ ಒಣಗಿಸಿದ ಮರದ ಹೊಟ್ಟು ಹುಲ್ಲು. ಕವಲೊಡೆದ ಕಡ್ಡಿಗೆ ಹಳೆಯ ಸ್ಪಂಜಿನ ಚೂರುಗಳನ್ನು ಬಣ್ಣ ಹಾಕಿ ಅಂಟಿಸಿದರೆ ಮರ. ತೆಂಗಿನ ನಾರು ಜೊಂಡು. ಹೊಳೆಗೆ ರಟ್ಟಿನ ಪಟ್ಟಿ ಸಾಕು. ಬಣ್ಣ ಬಳಿದಾಗ ರಟ್ಟು ಮುರುಟುವುದರಿಂದ ಎರಡೂ ಮಗ್ಗುಲಿಗೆ ಬಳಿದು, ಒಣಗಿದ ಬಳಿಕ ಭಾರವಾದ ಪುಸ್ತಕದ ಕೆಳಗೆ ಇಡಬೇಕು. ಮೇಲೆ ವಾರ್ನಿಷ್ ಸವರಿದರೆ ನೀರಿನ ಹೊಳಪು ಬರುತ್ತದೆ. ಚಾಕುವಿನ ಕೆಲಸ ಮಾತ್ರ ಹಿರಿಯರದಾಗಿರಲಿ. ಥರ್ಮಾಕೋಲನ್ನು ಎಂದಿಗೂ ಸುಡಬಾರದು.

ಒಂದು ಪ್ರಶ್ನೆ

ಕೊರಳಲ್ಲಿ ಇಷ್ಟಲಿಂಗ ಧರಿಸಿದ ಮಗು ಯುದ್ಧದ ಆಟವನ್ನು ಆಡಬಹುದೆ ಎಂದು ಭಕ್ತರು ಕೇಳಬಹುದು. ದಯೆಯೇ ಧರ್ಮದ ಬೇರೆಂದು ನಂಬಿದ ಮನೆಯಲ್ಲಿ ಈ ಪ್ರಶ್ನೆ ಏಳಲೇಬೇಕು. ಇದನ್ನು ನಗೆಯಾಡಿ ತಳ್ಳುವುದು ಸಲ್ಲದು.

ಇದಕ್ಕೆ ಉತ್ತರವಾಗಿ ವೆಲ್ಸನ ಪುಸ್ತಕದ ಕೊನೆಯ ಪುಟಗಳನ್ನೇ ನೆನೆಯಬೇಕು. ತನ್ನ ಆಟವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಯುದ್ಧವು ಎಂಥ ಅವಿವೇಕವೆಂಬುದು ಮನವರಿಕೆಯಾಗುತ್ತದೆಂದೂ, ಅಂಥ ಯುದ್ಧಕ್ಕೆ ತೆರುವ ಬೆಲೆಗೆ ಮಿತಿಯೇ ಇಲ್ಲವೆಂದೂ ಅವನು ವಾದಿಸಿದನು. ಮರುವರ್ಷವೇ, 1914ರಲ್ಲಿ, ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಅವನ ಮಾತನ್ನು ಲೋಕ ಕೇಳಲಿಲ್ಲ. ಆದರೆ ಮಾತು ಸುಳ್ಳಾಗಲಿಲ್ಲ.

ನಮ್ಮ ನೆಲದಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಪ್ರಷ್ಯಾದಲ್ಲಿ ಆ ನಿಯಮಗಳು ಅಚ್ಚಾದ ವರ್ಷವೇ, 1824ರ ಅಕ್ಟೋಬರ್ 23ರಂದು, ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೇನೆಯು ಕಂಪನಿ ಸರಕಾರದ ಪಡೆಯನ್ನು ಸೋಲಿಸಿತು. ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಶತ್ರುವಶವಾಯಿತು. ಇಂದು ಅಲ್ಲಿ ಕಾಣುವುದು ಅರಮನೆಯ ಅವಶೇಷ. ಮಕ್ಕಳು ಕಿತ್ತೂರಿನ ಕೋಟೆಯನ್ನು ರಟ್ಟಿನಲ್ಲಿ ಕಟ್ಟಲಿ. ಗೋಡೆ ಯಾರನ್ನು ಕಾಯುತ್ತಿತ್ತು, ಬಿದ್ದಾಗ ಯಾರು ನಿರಾಶ್ರಿತರಾದರು ಎಂಬುದನ್ನು ಅಜ್ಜ ಅಜ್ಜಿಯರು ಪಕ್ಕದಲ್ಲಿ ಕುಳಿತು ಹೇಳಲಿ. ಕೋಟೆಯ ಹೊರಗೆ ಹೊಲ, ಕೆರೆ, ಗುಡಿಸಲು, ದನಕರುಗಳೂ ಇರಲಿ. ಯುದ್ಧ ಬೇಡವೆನ್ನುವ ಮನೆಯಲ್ಲಿ ಅದೇ ನೆಲ ಸಂತೆಯಾಗಬಹುದು, ಜಾತ್ರೆಯಾಗಬಹುದು, ಬಸವಾದಿ ಶರಣರ ಕಲ್ಯಾಣವೂ ಆಗಬಹುದು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಸುಲಭ. ಅದರ ಅರ್ಥವನ್ನು ಕೈಗೆ ತಿಳಿಸುವುದು ಕಷ್ಟ. ಎಂಟು ದಿನ ಕುಳಿತು ಒಂದು ಹಳ್ಳಿಯನ್ನು ಕಟ್ಟಿದ ಮಗುವಿಗೆ, ಅದರ ಒಂದು ಗುಡಿಸಲು ತಮ್ಮನ ಮೊಣಕೈ ತಗುಲಿ ಮುರಿದಾಗ, ಆ ಅರ್ಥ ತಾನಾಗಿ ತಿಳಿಯುತ್ತದೆ. ಆಗ ತಮ್ಮನನ್ನು ಬಯ್ಯದೆ, ಇಬ್ಬರ ಕೈಗೂ ಅಂಟು ಕೊಟ್ಟು, ಮತ್ತೆ ಕಟ್ಟಲು ಕೂರಿಸಿರಿ.