ಗಂಟು ಬಿಡುವ ಹೊತ್ತು

ರಾಣೆಬೆನ್ನೂರು ಸೀಮೆಗೆ ಹೋಗಿದ್ದು ಚಿಗರಿ ನೋಡಲು. ಕೃಷ್ಣಮೃಗಗಳಿಗೆಂದೇ 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಅಭಯಾರಣ್ಯ ಅಲ್ಲಿದೆ. ಅದರ ಅಂಚಿನ ಹೊಲವೊಂದರ ಬದುವಿನ ಮೇಲೆ ಅಜ್ಜಾರೊಬ್ಬರು ಕಾಲ್ಬೆರಳಿಗೆ ಹುರಿ ಸಿಕ್ಕಿಸಿಕೊಂಡು ಏನೋ ಹೆಣೆಯುತ್ತ ಕೂತಿದ್ದರು. ಕವಣಿ! ಚಿಗರಿ ನನಗೆ ಮರೆತೇಹೋಯಿತು.

ಪುಸ್ತಕದ ಕವಣೆ ಈ ಕಡೆ ಕವಣಿ. ನಡುವೆ ಕಲ್ಲು ಕೂರಲು ಅಗಲವಾದ ಹೆಣಿಗೆ, ಅದರ ಎರಡೂ ಬದಿಗೆ ಹುರಿ. ಒಂದು ಹುರಿಯ ತುದಿಗೆ ಬೆರಳಿಗೆ ತೊಡುವ ಕುಣಿಕೆ, ಇನ್ನೊಂದಕ್ಕೆ ಗಂಟು. ಅಜ್ಜಾರ ಕೈಯಲ್ಲಿದ್ದದ್ದು ಪುಂಡಿ ನಾರು. ನೈಲಾನ್ ಹಗ್ಗ ಅವರಿಗೆ ಒಗ್ಗದು. ಬೆರಳ ಸಂದಿಯಲ್ಲಿ ಜಾರುತ್ತದೆ.

"ಗಂಟು ನಾವು ಬಿಡಬೇಕ್ರಿ ತಮ್ಮಾ, ತಾನ ಹೋಗಬಾರದು" ಎಂದರು.

ಕವಣಿ ಆಯುವುದರಲ್ಲೂ ಲೆಕ್ಕವಿದೆ. ಉದ್ದ ಹುರಿ ಕಲ್ಲನ್ನು ದೂರ ಒಯ್ಯುತ್ತದೆ, ಆದರೆ ಬೀಸಲು ಜಾಗ ಬೇಕು, ಗುರಿಯೂ ಬೇಗ ಕೈಗೆ ಹತ್ತದು. ಮೋಟು ಹುರಿ ಚುರುಕು. ತಮ್ಮ ಹೊಲಕ್ಕೆ ಒಂದೂವರೆ ಮೊಳ ಸಾಕು ಎನ್ನುತ್ತಾರೆ ಅಜ್ಜಾರು. ಕುಣಿಕೆಯನ್ನು ಬೆರಳಿಗೆ ತೊಟ್ಟು, ಕಲ್ಲಿಟ್ಟು ತೂಗಿಬಿಟ್ಟಾಗ ಎರಡೂ ಹುರಿ ಸಮನಾಗಿ ಬಿಗಿದಿರಬೇಕು. ಒಂದು ಸಡಿಲವಿದ್ದರೆ ಹೆಣಿಗೆ ವಾಲಿ ಕಲ್ಲು ನಡುದಾರಿಯಲ್ಲೇ ಉದುರುತ್ತದೆ. ಅಜ್ಜಾರು ಮೂರು ಸಲ ಗಂಟು ಬಿಚ್ಚಿ, ಮೂರು ಸಲ ಕಟ್ಟಿದರು. ಒಂದು ಬೆರಳಗಲದ ವ್ಯತ್ಯಾಸವನ್ನೂ ಅವರ ಕೈ ಒಪ್ಪಲಿಲ್ಲ.

ಬೀಸುವುದು ತೋಳಿನ ಕೆಲಸವಾದರೆ ಬಿಡುವುದು ಬೆರಳಿನದು. ಗಂಟು ಬಿಟ್ಟ ಕ್ಷಣಕ್ಕೆ ಹೆಣಿಗೆ ಕಲ್ಲಿನ ಹಾದಿಯಿಂದ ಸರಿದುಬಿಡಬೇಕು. ಬೇಗ ಬಿಟ್ಟರೆ ಕಲ್ಲು ಒಂದು ಪಕ್ಕಕ್ಕೆ, ತಡವಾದರೆ ಇನ್ನೊಂದು ಪಕ್ಕಕ್ಕೆ. ಗಂಟಿನಾಚೆ ಬಿಟ್ಟ ನಾರಿನ ಕುಚ್ಚು ಚಾವಟಿಯ ಹಾಗೆ ಫಟ್ ಎನ್ನುತ್ತದೆ. ತೆನೆಗೆ ಎರಗುವ ಹಕ್ಕಿಗಳನ್ನು ಎಬ್ಬಿಸಲು ಎಷ್ಟೋ ಸಲ ಆ ಸದ್ದೇ ಸಾಕು, ಕಲ್ಲೇ ಬೇಡ. ಕಲ್ಲು ಸಿಗದ ಎರೆಹೊಲದಲ್ಲಿ ಮಣ್ಣಿನ ಉಂಡೆ ಕಟ್ಟಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿದ್ದರಂತೆ.

ಹಕ್ಕಿಗೆ ತಗುಲಿದರೆ? ಅಜ್ಜಾರ ಮುಖ ಬಾಡಿತು. ಹಕ್ಕಿ ಸಾಯಬಾರದು, ಏಳಬೇಕು. ಚಿಗರಿ ಕಡೆಗಂತೂ ಕವಣಿ ತಿರುಗಿಸುವ ಹಾಗೇ ಇಲ್ಲ ಎಂದರು. 1972ರ ವನ್ಯಜೀವಿ ಕಾಯ್ದೆಯೂ ಚಿಗರಿ ಬೇಟೆಗೆ ಅವಕಾಶ ಕೊಟ್ಟಿಲ್ಲ.

ಕವಣೆಯ ಚರಿತ್ರೆ ದೊಡ್ಡದು. ಬೈಬಲ್ ಕಥೆಯಲ್ಲಿ ದಾವೀದ ದೈತ್ಯ ಗೊಲ್ಯಾತನನ್ನು ಕೆಡವಿದ್ದು ಇದರಿಂದಲೇ. ಸ್ಪೇನಿನ ಬಲೇರಿಕ್ ದ್ವೀಪಗಳಲ್ಲಿ ಇಂದಿಗೂ ಕವಣೆ ಸ್ಪರ್ಧೆಗಳು ನಡೆಯುತ್ತವೆ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಬಿಲ್ಲು, ಕತ್ತಿ ಹಿಡಿದವರು ಕಾಣುತ್ತಾರೆ. ತೆನೆ ಕಾದವರಿಗೆ ಯಾರು ಕಲ್ಲು ನೆಟ್ಟಾರು? ಅಜ್ಜಾರಿಗೆ ಗೊತ್ತಿರುವ ಚರಿತ್ರೆ ಇಷ್ಟು: ಬ್ಯಾಡಗಿ ಸಂತೆಗೆ ಹಗ್ಗ, ಮೂಗುದಾಣದ ಜೊತೆ ಕವಣಿಯೂ ಬರುತ್ತಿತ್ತು. ಜೋಳ ಹಾಲುಗಾಳಾದಾಗ ಅಟ್ಟ ಕಟ್ಟುತ್ತಿದ್ದರು. ಮಕ್ಕಳು ನಸುಕಿಗೇ ಅಟ್ಟ ಏರಿ ಕೂಗು ಹಾಕುತ್ತಿದ್ದರು, ಹೊತ್ತು ಏರಿದ ಮೇಲೆ ಸೀತನಿ ಸುಟ್ಟು ತಿನ್ನುತ್ತಿದ್ದರು.

ಕವಣಿಯನ್ನು ಮೂಲೆಗೆ ತಳ್ಳಿದ್ದು ಬೇರೆ ಆಯುಧವಲ್ಲ, ಬೇರೆ ಬೆಳೆ. ಜೋಳದ ಕಾಳು ತೆನೆಯ ಮೇಲೆ ಬಯಲಾಗಿ ಕೂತಿರುತ್ತದೆ, ಗುಬ್ಬಿಗೂ ಸುಲಭದ ತುತ್ತು. ಹಾವೇರಿ ಜಿಲ್ಲೆಯ ಹೊಲಗಳನ್ನು ಈಗ ತುಂಬಿರುವ ಗೋವಿನಜೋಳದ ತೆನೆ ಸಿಪ್ಪೆಯೊಳಗೆ ಬೆಚ್ಚಗಿದೆ. ಅದಕ್ಕೆ ಅಟ್ಟ ಬೇಡ, ಕೂಗು ಬೇಡ, ಶಾಲೆಗೆ ಹೊರಟ ಮಕ್ಕಳೂ ಬೇಡ. ಮಕ್ಕಳು ಶಾಲೆಗೆ ಹೋದದ್ದು ಒಳ್ಳೆಯದೇ. ಆದರೆ ಬೆರಳಿನ ಆ ಪಾಠವೂ ಹೊಲದಿಂದ ಎದ್ದುಹೋಯಿತು.

ಇದೇ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ವರ್ಷಕ್ಕೊಂದು ದಿನ ಅಲ್ಲಿ ಇಂಥ ಅಜ್ಜಂದಿರು ಮಕ್ಕಳ ಕೈಗೆ ಕವಣಿ ಕೊಟ್ಟು ಬಯಲಲ್ಲಿ ನಿಲ್ಲಿಸಬೇಕೆಂಬುದು ನನ್ನ ಆಸೆ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಬರೀ ಹುರಿ.

ಹೊರಡುವಾಗ ಅಜ್ಜಾರು ಹೊಸ ಕವಣಿಯನ್ನು ಕಲ್ಲಿಲ್ಲದೆ ಒಮ್ಮೆ ಬೀಸಿದರು. ಫಟ್! ತಂತಿಯ ಮೇಲಿನ ಗೊರವಂಕಗಳು ಎದ್ದು, ಗೋವಿನಜೋಳದ ಮೇಲೆ ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಬಂದು ಕೂತವು. ಅಜ್ಜಾರು ಎರಡನೇ ಸಲ ಬೀಸಲಿಲ್ಲ.